ಪತ್ರೊಡೆಯ ಕೆಳಗೆ ಊರಿನ ಹೆಸರು ಬೇಡವೇ?

ಮಾನ್ಯ ಸಂಪಾದಕರೇ,

ತುಳುವರ ಮಳೆಗಾಲದ ಆಟಿ ತಿಂಗಳು ಕಾಲಿಟ್ಟಿತೆಂದರೆ ಪುರವಣಿಗಳಲ್ಲಿ ಪತ್ರೊಡೆ ಹಾಜರು. ಈ ಸಲ ತಮ್ಮ ಪತ್ರಿಕೆಯಲ್ಲೂ ಬಂತು. ಕೆಸುವಿನ ಎಲೆ ಹತ್ತು-ಹದಿನೈದು, ಅಕ್ಕಿ ಎರಡು ಲೋಟ, ಹುಳಿ ನಿಂಬೆಗಾತ್ರ, ಉಪ್ಪು ರುಚಿಗೆ ತಕ್ಕಷ್ಟು. ಅರೆದು, ಎಲೆಗೆ ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿ ಎಂದು ಐದು ಸಾಲು. ಯಾವ ಕೆಸು? ಯಾರ ಮನೆಯ ಲೋಟ? ಎಷ್ಟು ಹೊತ್ತು ಬೇಯಬೇಕು? ತಿಂದವರ ನಾಲಗೆ ತುರಿಸಿದರೆ ತಪ್ಪಿದ್ದೆಲ್ಲಿ? ಇದು ಕುಂದಾಪುರದ ಕಡೆಯದೋ, ಸುಳ್ಯದ್ದೋ, ಕೊಂಕಣಿಯವರ ಮನೆಯದೋ? ಒಂದಕ್ಕೂ ಉತ್ತರವಿಲ್ಲ. ಜೊತೆಗಿದ್ದ ಚಿತ್ರದಲ್ಲಿ ಕಡಲೆಹಿಟ್ಟಿನ ಸುರುಳಿ, ಅದರ ಮೇಲೆ ಎಳ್ಳು. ಅದು ಗುಜರಾತಿನ ಪಾತ್ರಾ, ನಮ್ಮ ಪತ್ರೊಡೆ ಅಲ್ಲ.

ಇಂಥ ಬರವಣಿಗೆಗಿಂತ ಬೇರೆ ದಾರಿ ಹಿಡಿದ ಪತ್ರಕರ್ತೆಯೊಬ್ಬರು ಅಮೆರಿಕದಲ್ಲಿದ್ದರು. ಹೆಸರು ಕ್ಲೆಮೆಂಟೈನ್ ಪ್ಯಾಡಲ್‌ಫರ್ಡ್. 1953ರಲ್ಲಿ ಟೈಮ್ ವಾರಪತ್ರಿಕೆ ಅವರನ್ನು ಆ ದೇಶದ ಅತ್ಯಂತ ಹೆಸರಾಂತ ಆಹಾರ ಸಂಪಾದಕಿ ಎಂದು ಬರೆದಿತ್ತು. 1967ರಲ್ಲಿ ತೀರಿಹೋದರು. ಆಮೇಲೆ ಮೂರು ದಶಕಕ್ಕೂ ಹೆಚ್ಚು ಕಾಲ ಅವರ ಹೆಸರೆತ್ತಿದವರು ಬೆರಳೆಣಿಕೆಯಷ್ಟು. ಈಗ ಅಲ್ಲಿನವರು ಅವರನ್ನು ಮತ್ತೆ ಓದುತ್ತಿದ್ದಾರೆ. ನಮ್ಮ ಕರಾವಳಿಯ ಪತ್ರಿಕೆಗಳೂ ಓದಿದರೆ ಲಾಭವಿದೆ.

ಅವರು ಹುಟ್ಟಿದ್ದು 1898ರಲ್ಲಿ, ಕಾನ್ಸಾಸ್ ರಾಜ್ಯದ ಸ್ಟಾಕ್‌ಡೇಲ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಆ ಹಳ್ಳಿ ಈಗ ಭೂಪಟದಲ್ಲಿಲ್ಲ. ಟಟಲ್ ಕ್ರೀಕ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. 1921ರಲ್ಲಿ ಅದೇ ರಾಜ್ಯದ ಕೃಷಿ ಕಾಲೇಜಿನಲ್ಲಿ ಪತ್ರಿಕೋದ್ಯಮದ ಪದವಿ, ಅಲ್ಲಿಂದ ನ್ಯೂಯಾರ್ಕ್. ಮೂವತ್ತರ ಹರೆಯದಲ್ಲಿ ಗಂಟಲಿನ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯ ಒಂದು ಭಾಗ ಹೋಯಿತು. ಮುಂದೆ ಬದುಕಿದಷ್ಟು ಕಾಲವೂ ಕತ್ತಿನಲ್ಲಿ ಕೂರಿಸಿದ ಕೊಳವೆಯಿಂದಲೇ ಉಸಿರಾಟ. ಆ ಜಾಗ ಮರೆಯಾಗುವಂತೆ ಕಪ್ಪು ವೆಲ್ವೆಟ್ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಹತ್ತು ಜನರನ್ನು ಮಾತಾಡಿಸಿ ಬರೆಯುವುದೇ ಕಸುಬಾದವರಿಗೆ ಗಂಟಲೇ ಕೈಕೊಟ್ಟ ಮೇಲೂ 1936ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆ ಸೇರಿ, ಅದು 1966ರಲ್ಲಿ ಮುಚ್ಚುವವರೆಗೂ ಅಲ್ಲೇ ಬರೆದರು. ಅದರ ಜೊತೆಗೆ ದಿಸ್ ವೀಕ್ ಎಂಬ ಭಾನುವಾರದ ಪುರವಣಿ. ಹತ್ತಾರು ಊರುಗಳ ಪತ್ರಿಕೆಗಳ ಒಳಗೆ ಸೇರಿ ಅದು ಮನೆಮನೆಗೆ ಹೋಗುತ್ತಿತ್ತು.

ಆ ಪುರವಣಿಗಾಗಿ 1948ರ ಜನವರಿಯಲ್ಲಿ ಹೊರಟವರು ಹನ್ನೆರಡು ವರ್ಷ ಸುತ್ತಿದರು. ರೈಲು, ಕಾರು, ಹೇಸರಗತ್ತೆಯ ಬೆನ್ನು, ಕಾಲ್ನಡಿಗೆ, ವಿಮಾನ ಎಲ್ಲವೂ ಸೇರಿ ಎಂಟು ಲಕ್ಷ ಮೈಲಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 13 ಲಕ್ಷ ಕಿಲೋಮೀಟರ್. ಪೈಪರ್ ಕಬ್ ಎಂಬ ಪುಟ್ಟ ವಿಮಾನವನ್ನು ತಾವೇ ಹಾರಿಸುತ್ತಿದ್ದರು. ಮೀನುಗಾರರ ದೋಣಿಯಲ್ಲಿ ಅವರೊಂದಿಗೇ ಉಂಡರು. 1960ರಲ್ಲಿ ಸ್ಕಿಪ್‌ಜ್ಯಾಕ್ ಎಂಬ ಅಣುಶಕ್ತಿ ಜಲಾಂತರ್ಗಾಮಿಗೆ ಇಳಿದು ನಾವಿಕರ ಊಟದ ಬಗ್ಗೆ ವರದಿ ಮಾಡಿದರು. ಅದೇ ವರ್ಷ ಹೌ ಅಮೆರಿಕ ಈಟ್ಸ್ ಪುಸ್ತಕ ಬಂತು. ಪ್ರಾಂತ್ಯವಾರು ಅಧ್ಯಾಯ, ಪ್ರಾಂತ್ಯದೊಳಗೆ ಊರು, ಊರಿನೊಳಗೆ ಅಡುಗೆ ಮಾಡಿದವರ ಹೆಸರು. ಹೋಟೆಲಿನ ಬಾಣಸಿಗರಿಗಿಂತ ಮನೆಯ ಹೆಂಗಸರ ಮಾತಿಗೆ ಅಲ್ಲಿ ಹೆಚ್ಚು ಬೆಲೆ. ಕೇಳಿ ಬರೆದುಕೊಂಡದ್ದನ್ನು ಪತ್ರಿಕೆಯ ಅಡುಗೆಮನೆಯಲ್ಲಿ ಅಳೆದು, ಮಾಡಿ ನೋಡಿ, ಆಮೇಲೆ ಅಚ್ಚಿಗೆ ಕೊಡುವುದು ಪದ್ಧತಿ.

ಹೀಗಿದ್ದವರನ್ನು ಮರೆತದ್ದೇಕೆ? ದುಡಿದ ಪತ್ರಿಕೆ ಮುಚ್ಚಿತು, ಮರುವರ್ಷವೇ ಅವರೂ ಹೋದರು. ಅಷ್ಟರಲ್ಲಿ ಅಮೆರಿಕದ ಓದುಗರ ಕಣ್ಣು ಫ್ರಾನ್ಸಿನ ಅಡುಗೆಯ ಮೇಲೆ ನೆಟ್ಟಿತ್ತು; 1961ರಲ್ಲಿ ಜೂಲಿಯಾ ಚೈಲ್ಡ್ ಮತ್ತು ಸಂಗಡಿಗರ ಪುಸ್ತಕ ಬಂದ ಮೇಲಂತೂ ಕೇಳುವುದೇ ಬೇಡ. ಹಳ್ಳಿಯ ಹೆಂಗಸಿನ ಕಡುಬು-ಕಜ್ಜಾಯದ ಕಥೆ ಯಾರಿಗೆ ಬೇಕು ಎಂಬ ಗಾಳಿ. ಅವರ ಶೈಲಿಯೂ ಕೊಂಚ ಹೂಹಾರದ್ದು, ಒಂದು ಟೊಮೆಟೊಗೆ ನಾಲ್ಕು ವಿಶೇಷಣ, ಅದು ಹಳತಾಯಿತು. ಉಳಿದುಕೊಂಡದ್ದು ಕಾಗದ. ಅವರ ಟಿಪ್ಪಣಿ, ಪತ್ರ, ಪಾಕವಿಧಾನಗಳೆಲ್ಲ ಪೆಟ್ಟಿಗೆ ಪೆಟ್ಟಿಗೆಯಾಗಿ ಓದಿದ ಕಾಲೇಜಿಗೇ ಸೇರಿದವು. ಅದು ಇಂದಿನ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ. ಹಲವು ವರ್ಷ ಹಾಗೇ ಬಿದ್ದಿದ್ದ ಅವನ್ನು ಅಲ್ಲಿನ ದಾಖಲೆಪಾಲಕಿ ಸಿಂಥಿಯಾ ಹ್ಯಾರಿಸ್ ಜೋಡಿಸಿದರು. ಪತ್ರಕರ್ತೆ ಕೆಲ್ಲಿ ಅಲೆಕ್ಸಾಂಡರ್ ಜೊತೆಗೂಡಿ 2008ರಲ್ಲಿ ಜೀವನಚರಿತ್ರೆ ಬರೆದರು. ಪೆಟ್ಟಿಗೆಗಳನ್ನು ಯಾರಾದರೂ ಗುಜರಿಗೆ ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮಲ್ಲಿ ಪಾಕಶಾಸ್ತ್ರದ ಬರವಣಿಗೆಯೇನೂ ಹೊಸದಲ್ಲ. ಮೂರನೆಯ ಮಂಗರಸನ ಸೂಪಶಾಸ್ತ್ರ 16ನೇ ಶತಮಾನದ್ದು, ಅದೂ ಷಟ್ಪದಿಯಲ್ಲಿ. ಉಡುಪಿ ಎಂಬ ಹೆಸರಂತೂ ಹೋಟೆಲುಗಳ ಬೋರ್ಡಿನ ಮೇಲೆ ಲೋಕ ಸುತ್ತಿದೆ. ಆದರೆ ಯಾವ ಊರಿನ ಯಾವ ಮನೆಯಲ್ಲಿ ಏನನ್ನು ಎಷ್ಟು ಹಾಕುತ್ತಾರೆ ಎಂಬ ದಾಖಲೆ ಕೇಳಿ, ಕೈಗೆ ಸಿಗುವುದು ಅಲ್ಪ. ಮಟ್ಟು ಗ್ರಾಮದ ಗುಳ್ಳ ಎಂಬ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಾಯಿಗೆ ಊರಿನ ಹೆಸರು ಬಂತು. ಆ ಗುಳ್ಳದ ಹುಳಿ ಮಾಡುವ ಕೈಗೆ ಇನ್ನೂ ಊರಿಲ್ಲ, ಹೆಸರಿಲ್ಲ.

ಅಳತೆಯದು ಇನ್ನೊಂದು ತಕರಾರು. ಪ್ಯಾಡಲ್‌ಫರ್ಡ್ ಬರೆಯಲು ಕೂತಾಗ ಅಮೆರಿಕದಲ್ಲಿ ಕಪ್-ಚಮಚದ ಮಟ್ಟ ಅಳತೆ ಬೇರೂರಿ ದಶಕಗಳೇ ಆಗಿದ್ದವು. 1896ರಲ್ಲಿ ಬಂದ ಫ್ಯಾನಿ ಫಾರ್ಮರ್ ಎಂಬವರ ಅಡುಗೆ ಪುಸ್ತಕ ಅದನ್ನು ಮನೆಮಾತು ಮಾಡಿತ್ತು. ನಮ್ಮಲ್ಲಿ ಅಳೆಯಲು ಬಳಸುವ ಕುಡ್ತೆ ಮನೆಯಿಂದ ಮನೆಗೆ ಬೇರೆ. ನಿಂಬೆಗಾತ್ರದ ಹುಳಿಯನ್ನು ತೂಗಿ ನೋಡಿ, ಒಬ್ಬರ ಕೈಯಲ್ಲಿ 20 ಗ್ರಾಂ, ಇನ್ನೊಬ್ಬರಲ್ಲಿ 45. ಒಂದು ತೆಂಗಿನಕಾಯಿ ತುರಿದರೆ 150 ಗ್ರಾಂ ಬರಬಹುದು, 300 ಗ್ರಾಂ ಬರಬಹುದು. ಪುಡಿ ಉಪ್ಪಿನ ಮಟ್ಟ ಚಮಚಕ್ಕೆ ಐದಾರು ಗ್ರಾಂ. ಅದೇ ಚಮಚದಲ್ಲಿ ಕಲ್ಲುಪ್ಪು ತೆಗೆದರೆ ಹರಳಿನ ನಡುವೆ ಗಾಳಿ ಕೂತು ತೂಕ ಇಳಿಯುತ್ತದೆ. ಬ್ಯಾಡಗಿ ಮೆಣಸು ಬಣ್ಣಕ್ಕೆ. ಊರ ಮೆಣಸು, ಹರೇಕಳ ಮೆಣಸು ಹಾಕುವಲ್ಲಿ ಎಣಿಕೆಯೇ ಬೇರೆ. ‘ಮೆಣಸು ಹದಿನೈದು’ ಎಂದಷ್ಟೇ ಬರೆದರೆ ಬೆಂಗಳೂರಿನಲ್ಲಿ ಕೂತು ಮಾಡಿದ ನಮ್ಮೂರಿನ ಹುಡುಗಿ ಕಣ್ಣೀರು ಹಾಕಬೇಕಷ್ಟೆ.

ಟೀಕೆ ಮಾಡಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಪ್ಯಾಡಲ್‌ಫರ್ಡ್ ದಾರಿಯಲ್ಲಿ ಪತ್ರೊಡೆ ಬರೆದರೆ ಹೇಗಿರುತ್ತದೆ ಎಂದು ಇಲ್ಲೇ ತೋರಿಸುತ್ತೇವೆ. ಪತ್ರೊಡೆಯಲ್ಲೂ ಪತ್ರವಿದೆ, ಪತ್ರಿಕೆಯಲ್ಲೂ ಪತ್ರವಿದೆ, ಜಾಗ ಕೊಡಲು ಸಂಕೋಚ ಬೇಡ.

ಇದು ಉಡುಪಿ ಸುತ್ತಿನ ತುಳು ಮನೆಗಳ ಬಗೆ. ಬೆಳ್ತಿಗೆ (ಕುಚ್ಚಲಲ್ಲದ) ಅಕ್ಕಿ 500 ಗ್ರಾಂ, ಮೂರರಿಂದ ನಾಲ್ಕು ಗಂಟೆ ನೆನೆಸಿ, ನೀರು ಪೂರ್ತಿ ಸೋರಿಸಿದ್ದು. ಕಾಯಿತುರಿ 150 ಗ್ರಾಂ. ಬ್ಯಾಡಗಿ ಮೆಣಸು 12ರಿಂದ 15, ಕೊತ್ತಂಬರಿ ಎರಡು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಅರಸಿನ ಅರ್ಧ. ಬೀಜ-ನಾರು ತೆಗೆದ ಹುಳಿ 40 ಗ್ರಾಂ, ಬೆಲ್ಲ 50 ಗ್ರಾಂ, ಉಪ್ಪು 15 ಗ್ರಾಂ. ಅಂಗೈಗಿಂತ ತುಸು ದೊಡ್ಡ ಎಲೆ ಹದಿನಾರರಿಂದ ಇಪ್ಪತ್ತು. ಇಷ್ಟಕ್ಕೆ ನಾಲ್ಕು ಸುರುಳಿ.

ಎಲ್ಲಕ್ಕಿಂತ ಮೊದಲು ಎಲೆ. ಮಳೆಗಾಲದಲ್ಲಿ ಮರದ ಕಾಂಡಕ್ಕೆ, ಕವಲಿಗೆ ಅಂಟಿ ಬೆಳೆಯುವ ಮರಕೆಸು ಸಿಕ್ಕಿದರೆ ಅದೇ ಉತ್ತಮ, ತುರಿಕೆ ಕಡಿಮೆ. ಇಲ್ಲವಾದರೆ ದಂಟು ಕಪ್ಪಗಿರುವ ಕರಿಕೆಸು. ತೋಡಿನ ಬದಿಯಲ್ಲಿ ಹುಲುಸಾಗಿ ಬೆಳೆದದ್ದನ್ನೆಲ್ಲ ಕೊಯ್ದು ತಂದರೆ ಫಜೀತಿ. ತುರಿಕೆಗೆ ಕಾರಣ ಎಲೆಯ ಒಳಗಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು. ಸೂಜಿಯ ಆಕಾರದ ಇವು ನಾಲಗೆಗೆ, ಗಂಟಲಿಗೆ ಚುಚ್ಚಿಕೊಳ್ಳುತ್ತವೆ. ಹುಳಿ ಹಾಕಿದ್ದೇವೆ, ಇನ್ನೇನು ಭಯ ಎಂದು ಬೇಗ ಇಳಿಸುವವರಿದ್ದಾರೆ. ಹುಳಿ ನೆರವಾಗುತ್ತದೆ ನಿಜ, ಆದರೆ ಎಲೆ ಪೂರ್ತಿ ಬೇಯದೆ ತುರಿಕೆ ಬಿಡುವುದಿಲ್ಲ. ಎಲೆ ಮುಟ್ಟುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಬೇಕು. ಬೆನ್ನಿನ ಕಡೆ ಎದ್ದು ನಿಂತ ದಪ್ಪ ನರವನ್ನು ಚೂರಿ ಮಲಗಿಸಿ ಹೆರೆದು ಎಲೆಯ ಮಟ್ಟಕ್ಕೆ ತರಬೇಕು. ಹೆರೆಯದಿದ್ದರೆ ಸುತ್ತುವಾಗ ಎಲೆ ಸೀಳುತ್ತದೆ, ದಪ್ಪ ನರ ಬೇಯದೆ ಉಳಿದು ತುರಿಕೆಯೂ ಅಲ್ಲಿಂದಲೇ.

ಅರೆಯುವುದರಲ್ಲೊಂದು ಕ್ರಮವಿದೆ. ಕಾಯಿ, ಮೆಣಸು, ಕೊತ್ತಂಬರಿ, ಜೀರಿಗೆ, ಅರಸಿನ, ಹುಳಿ ಮೊದಲು, ಅದೂ ನುಣ್ಣಗೆ. ಬೆಲ್ಲ, ಉಪ್ಪು, ಅಕ್ಕಿ ಆಮೇಲೆ. ಅಕ್ಕಿ ಚಿರೋಟಿ ರವೆಯಷ್ಟು ತರಿಯಾಗಿ ಇರುವಾಗಲೇ ನಿಲ್ಲಿಸಬೇಕು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಮೆಣಸಿನ ಸಿಪ್ಪೆ ಉಳಿಯುತ್ತದೆ, ಅದನ್ನು ಸರಿಮಾಡಲು ಹೋಗಿ ಅಕ್ಕಿ ನುಣುಪಾಗುತ್ತದೆ, ನುಣುಪಾದ ಹಿಟ್ಟಿನ ಪತ್ರೊಡೆ ಹಲ್ಲಿಗೆ ಅಂಟುತ್ತದೆ. ತರಿ ಹೆಚ್ಚಾದರೆ ನಡುವೆ ಅಕ್ಕಿ ಬೇಯುವುದಿಲ್ಲ. ನೀರು ಒಟ್ಟು 200 ಮಿಲಿಲೀಟರ್ ಮೀರಬಾರದು, ಹುಳಿ ನೆನೆಸಿದ ನೀರೂ ಈ ಲೆಕ್ಕದಲ್ಲೇ. ಮಿಕ್ಸಿಯಲ್ಲಿ ಇಷ್ಟು ಗಟ್ಟಿ ಹಿಟ್ಟು ತಿರುಗದು. ಆಗ ನೀರು ಸುರಿಯಬೇಡಿ, ಎರಡು-ಮೂರು ಸರ್ತಿ ಮಾಡಿ ಅರೆಯಿರಿ. ಹಿಟ್ಟು ನೀರಾದರೆ ಹಬೆಯಲ್ಲಿ ಸುರುಳಿಯಿಂದ ಹೊರಗೆ ಹರಿದು ಪಾತ್ರೆಯ ತಳ ಸೇರುತ್ತದೆ. ಉಳಿಯುವುದು ಬರೀ ಸೊಪ್ಪಿನ ಸುರುಳಿ. ಹಿಟ್ಟನ್ನು ನಾಲಗೆಗೆ ಮುಟ್ಟಿಸಿ ನೋಡಿ, ಉಪ್ಪು-ಹುಳಿ-ಖಾರ ಒಂದು ಗುಟುಕು ಮುಂದಿರಬೇಕು, ಬೇಯುವಾಗ ಎಲೆ ಅದನ್ನು ಎಳೆದುಕೊಳ್ಳುತ್ತದೆ.

ಹಿಟ್ಟು ಹಚ್ಚುವುದು ಎಲೆಯ ಬೆನ್ನಿಗೆ. ಮುಖದ ಕಡೆ ನೀರ ಹನಿಯೇ ನಿಲ್ಲದೆ ಜಾರುತ್ತದೆ, ಹಿಟ್ಟು ಹಿಡಿದೀತೇ? ದೊಡ್ಡ ಎಲೆ ಅಡಿಗೆ, ಅದರ ಮೇಲೆ ಎರಡು-ಮೂರು ಮಿಲಿಮೀಟರ್ ಹಿಟ್ಟು, ಮುಂದಿನ ಎಲೆಯ ತುದಿ ಹಿಂದಿನದಕ್ಕೆ ಎದುರು ದಿಕ್ಕಿಗೆ. ನಾಲ್ಕು-ಐದು ಎಲೆ ಆದ ಮೇಲೆ ಎರಡೂ ಅಂಚು ಒಳಕ್ಕೆ ಮಡಚಿ, ಮಡಿಕೆ ಮಡಿಕೆಗೂ ಹಿಟ್ಟು ಸವರುತ್ತ ಬಿಗಿಯಾಗಿ ಸುತ್ತುವುದು. ಇಡ್ಲಿ ಪಾತ್ರೆಯ ನೀರು ಕುದಿದ ಮೇಲೆಯೇ ಸುರುಳಿ ಇಡಬೇಕು, ಸುತ್ತಿದ ಅಂಚು ಕೆಳಗೆ, ಸುರುಳಿಗಳ ನಡುವೆ ಒಂದು ಬೆರಳು ಜಾಗ. ದೊಡ್ಡ ಉರಿಯಲ್ಲಿ 45 ನಿಮಿಷ. ನಡುವೆ ಚೂರಿ ಇಳಿಸಿದರೆ ಹಿಟ್ಟು ಅಂಟಬಾರದು. ಒಂದು ತುದಿ ಕೊಯ್ದು ನೋಡಿದರೆ ಒಳಗಿನ ಎಲೆಯ ಹಸಿರು ಸತ್ತು ಮಂಕಾಗಿರಬೇಕು. ಇನ್ನೂ ಪಚ್ಚೆಯಂತೆ ಹೊಳೆಯುತ್ತಿದೆ ಎಂದರೆ ಮತ್ತೆ ಹತ್ತು ನಿಮಿಷ.

ಬಿಸಿ ಇರುವಾಗ ಕೊಯ್ದರೆ ಪುಡಿಯಾಗುತ್ತದೆ. ಪೂರ್ತಿ ತಣಿಯಲು ಎರಡು ಗಂಟೆ ಬಿಡಿ, ಆಮೇಲೆ ಬೆರಳ ದಪ್ಪದ ಬಿಲ್ಲೆ ಮಾಡಿ ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಎರಡೂ ಮಗ್ಗುಲು ಕಾಯಿಸಬಹುದು. ಪುಡಿ ಮಾಡಿ ಸಾಸಿವೆ, ಬೇವಿನಸೊಪ್ಪಿನ ಒಗ್ಗರಣೆಗೆ ಹಾಕಿದರೆ ಅದೂ ಒಂದು ತಿಂಡಿ. ಮಸಾಲೆಯ ಗಟ್ಟಿ ರಸದಲ್ಲಿ ಹಾಕುವ ಗಸಿಯದು ಬೇರೆಯೇ ಅಧ್ಯಾಯ. ಕೊಂಕಣಿ ಮನೆಗಳಲ್ಲಿ ಇಂಗು ಬೀಳುತ್ತದೆ. ಬೆಲ್ಲದ ವಿಷಯದಲ್ಲಿ ಒಂದೇ ಬೀದಿಯ ಎರಡು ಮನೆಗೆ ಒಮ್ಮತವಿಲ್ಲ.

ಎಲ್ಲವೂ ಸೇರಿ ಪುರವಣಿಯ ಮುಕ್ಕಾಲು ಕಾಲಂ. ಎಳ್ಳಿನ ಚಿತ್ರ ತೆಗೆದರೆ ಜಾಗ ತಾನಾಗಿ ಸಿಗುತ್ತದೆ.

ಪತ್ರೊಡೆ ಕೆಟ್ಟರೆ ಒಂದು ಹೊತ್ತಿನ ತಿಂಡಿ ಹೋಯಿತು, ಅಷ್ಟೆ. ಆಟಿಯ ಬೇರೆ ಎರಡು ವಸ್ತುಗಳಲ್ಲಿ ಅರೆಬರೆ ಬರವಣಿಗೆ ಅಪಾಯಕ್ಕೇ ದಾರಿ. ಒಂದು ಕಣಿಲೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ತೆಳ್ಳಗೆ ಹೆಚ್ಚಿ ನೀರಿನಲ್ಲಿ ಮುಳುಗಿಸಿ, ದಿನಾ ನೀರು ಚೆಲ್ಲಿ ಹೊಸ ನೀರು ತುಂಬಿ ಮೂರು ದಿನ ಇಡುವುದು ಹಿರಿಯರ ಕ್ರಮ. ಬೇಯಿಸುವಾಗ ಮುಚ್ಚಳ ತೆರೆದಿರಬೇಕು, ಬೆಂದ ನೀರು ಚೆಲ್ಲಬೇಕು. ದೊಡ್ಡ ತುಂಡುಗಳನ್ನು ನೆನೆಸಿದರೆ ಒಳಗಿನದು ಒಳಗೇ ಉಳಿಯುತ್ತದೆ. ‘ತೊಳೆದು ಹೆಚ್ಚಿ ಒಗ್ಗರಣೆಗೆ ಹಾಕಿ’ ಎಂದು ಅಚ್ಚಾಗುವುದನ್ನು ದಯವಿಟ್ಟು ತಡೆಯಿರಿ.

ಇನ್ನೊಂದು ಆಟಿ ಅಮಾವಾಸ್ಯೆಯ ಕಷಾಯ. ಪಾಲೆ ಮರದ ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲು ಕಲ್ಲಿನಿಂದ ಜಜ್ಜಿ ತರುವುದು ವಾಡಿಕೆ. ಕತ್ತಲಲ್ಲಿ ಮರ ತಪ್ಪುವುದೇ ಇಲ್ಲಿನ ಅಪಾಯ, ಏಕೆಂದರೆ ಕಾಸರಕವೂ ಇದೇ ಸೀಮೆಯ ಮರ ಮತ್ತು ಅದರಲ್ಲಿ ಸ್ಟ್ರಿಕ್ನಿನ್ ಎಂಬ ಕಡು ವಿಷ. ಗುರುತು ಕಷ್ಟದ್ದಲ್ಲ. ಪಾಲೆಗೆ ಒಂದೇ ಗಿಣ್ಣಿನ ಸುತ್ತ ಐದಾರು, ಏಳು ಎಲೆ ಕೊಡೆಯಂತೆ ಬಿಚ್ಚಿಕೊಂಡಿರುತ್ತವೆ. ಸಪ್ತಪರ್ಣಿ ಎಂಬ ಹೆಸರು ಅದಕ್ಕೇ ಬಂದದ್ದು. ತೊಗಟೆಗೆ ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕಕ್ಕೆ ಎಲೆ ಎದುರುಬದುರು ಎರಡೆರಡೇ, ಹಾಲಿಲ್ಲ. ಮುಂಚಿನ ದಿನ ಹಗಲಿನಲ್ಲೇ ತಿಳಿದವರನ್ನು ಕರೆದುಕೊಂಡು ಹೋಗಿ ಎಲೆ, ಹಾಲು ಎರಡನ್ನೂ ನೋಡಿ ಕಾಂಡಕ್ಕೆ ಹಗ್ಗ ಕಟ್ಟಿ ಬರಬೇಕು. ಓಮ, ಕಾಳುಮೆಣಸು, ಬೆಳ್ಳುಳ್ಳಿ ಎಷ್ಟೆಂಬುದಕ್ಕಿಂತ ಮೊದಲು ಈ ನಾಲ್ಕು ಸಾಲು ಅಚ್ಚಾಗಬೇಕು. ಮಕ್ಕಳಿಗೆ, ಗರ್ಭಿಣಿಯರಿಗೆ, ಬೇರೆ ಔಷಧ ತೆಗೆದುಕೊಳ್ಳುವವರಿಗೆ ಕಷಾಯ ಕೊಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು, ಪುರವಣಿಯಲ್ಲ.

ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ವಾರಕ್ಕೆ ಬೇಡ, ತಿಂಗಳಿಗೊಂದು ಅಡುಗೆ ಸಾಕು. ವರದಿಗಾರರು ತಕ್ಕಡಿ, ಅಳತೆಯ ಲೋಟ, ಗಡಿಯಾರ ಹಿಡಿದು ಮನೆಗೇ ಹೋಗಲಿ. ಅಡುಗೆ ಮಾಡುವವರು ಕೈಯಲ್ಲಿ ತೆಗೆದುಕೊಂಡ ಹುಳಿಯನ್ನು ಪಾತ್ರೆಗೆ ಬೀಳುವ ಮೊದಲೇ ತೂಗಬೇಕು. ಆಮೇಲೆ ಕೇಳಿದರೆ ‘ಅಂದಾಜು ಇಷ್ಟು’ ಎಂಬ ಉತ್ತರ ಬರುತ್ತದೆ, ಅದು ಪ್ರತಿ ಸಲ ಬೇರೆ. ಒಪ್ಪಿದರೆ ಮಾಡಿದವರ ಹೆಸರು, ಊರಂತೂ ಕಡ್ಡಾಯ. ಬರೆದದ್ದನ್ನು ಆ ಮನೆಗೆ ಸಂಬಂಧವಿಲ್ಲದ ಇನ್ನೊಬ್ಬರು ಓದಿ, ಯಾರನ್ನೂ ಕೇಳದೆ ಮಾಡಿ ನೋಡಲಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಒಂದು ಸಾಲು ಸೇರಬೇಕು. ಚಿತ್ರ ಅದೇ ದಿನದ, ಅದೇ ಪಾತ್ರೆಯದಿರಲಿ. ಅಚ್ಚಾದ ಮೇಲೆ ಟಿಪ್ಪಣಿ ಪುಸ್ತಕವನ್ನು ಎಸೆಯದೆ ದಿನಾಂಕ ಹಾಕಿ ಕಚೇರಿಯಲ್ಲೇ ಇಡಿ, ತುಂಬಿದ ಮೇಲೆ ಯಾವುದಾದರೊಂದು ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.

ಮೇಲಿನ 50 ಗ್ರಾಂ ಬೆಲ್ಲಕ್ಕೆ ಪುತ್ತೂರು, ಸುಳ್ಯ, ಬೈಂದೂರಿನ ಓದುಗರ ತಕರಾರು ಇದ್ದೇ ಇರುತ್ತದೆ. ಊರಿನ ಹೆಸರು ಮತ್ತು ಗ್ರಾಂ ಲೆಕ್ಕದೊಂದಿಗೆ ಅವರು ಬರೆದು ಕಳಿಸಿದರೆ ಪ್ರಕಟಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಗೃಹವಿಜ್ಞಾನದ ಇಬ್ಬರು ನಿವೃತ್ತ ಅಧ್ಯಾಪಕಿಯರು, ಉಡುಪಿ